ಜಡ್ಜಪ್ಪನ ಹಲ್ಲುನೋವು

ಮಾರ್ಚ್ 3, ಭಾನುವಾರ

ರಿಪೇರಿಯವನ ಬಾಯಿಗೆ ಇವತ್ತು ಹೊಲಿಗೆ ಹಾಕಬೇಕಿತ್ತು. ಸೂಜಿಯೂ ಕೈಯಲ್ಲೇ ಇತ್ತು. ಹಾಕಲಿಲ್ಲವಲ್ಲ ಎಂದು ಈಗ ಹೊಟ್ಟೆ ಉರಿಯುತ್ತಿದೆ.

ಭಾನುವಾರ ಮಧ್ಯಾಹ್ನ ನನ್ನ ಅಂಗಡಿಯಲ್ಲಿ ಸಿನಿಮಾ ಪಂಚಾಯ್ತಿ ಸೇರುವುದು ಹೊಸದಲ್ಲ. ನಾನು ಪ್ಯಾಂಟಿನ ತುದಿ ಮಡಚುತ್ತಲೋ ಜಿಪ್ಪು ಬದಲಿಸುತ್ತಲೋ ಮಿಷನ್ನಿನ ಹಿಂದೆ ಇರುತ್ತೇನೆ. ಪಕ್ಕದ ಕ್ಷೌರದಂಗಡಿಯವನು ಗಿರಾಕಿ ಇಲ್ಲದಾಗ ಬಂದು ಬಾಗಿಲಿಗೆ ಒರಗುತ್ತಾನೆ. ಆಸ್ಪತ್ರೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಂದು ಸ್ಟೂಲಿನ ಮೇಲೆ ಕಾಲು ಚಾಚುತ್ತಾಳೆ. ಎದುರು ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವವನು ಈಚೆಗೆ ಸೇರಿಕೊಂಡಿದ್ದಾನೆ. ಹಳೇ ಸಿನಿಮಾಗಳ ಬಗ್ಗೆ ಏನೇನೋ ವಿಡಿಯೋ ಮಾಡಿ ನೆಟ್ಟಿಗೆ ಹಾಕುವುದು ಅವನ ಚಟ.

ಶುರುವಿಗೆ ಚೆನ್ನಾಗಿಯೇ ಇತ್ತು. ನಾವು ‘ಮೀಸೆ’ ಎಂದೇ ಕರೆಯುವ ಹೀರೋನ ಕೊನೆಯ ಸಿನಿಮಾದ ಮಾತು ಬಂದಾಗ ಕ್ಷೌರದವನು, “ಅದ್ರಲ್ಲಿ ಅವನು ವಿಗ್ ಹಾಕ್ಕೊಂಡಿರ್ಲಿಲ್ಲ ಅಕ್ಕ, ವಿಗ್ಗೇ ಅವನನ್ನ ಹಾಕ್ಕೊಂಡು ಆ್ಯಕ್ಟ್ ಮಾಡ್ತು” ಎಂದ. ನರ್ಸಮ್ಮನಿಗೆ ಯಾವಾಗಲೂ ವಿಲನ್ನುಗಳೇ ಆಗಬೇಕು. “ಹೀರೋಗಳೆಲ್ಲ ಇಂಜೆಕ್ಷನ್ ಕಂಡ್ರೆ ಮಂಚದ ಕೆಳಗೆ ತೂರೋ ಮುಖದೋರು. ವಿಲನ್ ನೋಡಿ, ಸುಮ್ನೆ ತೋಳು ಮಡಚ್ಕೊಂಡು ಕೂತ್ಕೊತಾನೆ” ಎಂದಳು.

ಆಮೇಲೆ ಮಾತು ಜಡ್ಜಪ್ಪನಿಗೆ ಬಂತು. ಬಂದೇ ಬರುತ್ತದೆ. ಆ ನಟ ಯಾವ ಸಿನಿಮಾದಲ್ಲೂ ಜಡ್ಜೇ, ಸುತ್ತಿಗೆ ಕುಟ್ಟಲೆಂದೇ ಹುಟ್ಟಿದವನು. ಒಂದೇ ಒಂದು ಸಿನಿಮಾದಲ್ಲಿ, ಕಾಮಿಡಿಯವನು ಶೂಟಿಂಗಿಗೆ ಕೈಕೊಟ್ಟನೆಂದು, ಈ ಅರವತ್ತರ ಮನುಷ್ಯನಿಗೆ ಚಡ್ಡಿ ತೊಡಿಸಿ ಲಾರಿ ಕ್ಲೀನರ್ ಮಾಡಿಬಿಟ್ಟರು. ಮೀಸೆ ಡ್ರೈವರು, ಜಡ್ಜಪ್ಪ ಕ್ಲೀನರು. ಲಾರಿ ಹಿಂದಕ್ಕೆ ತೆಗೆಯುವಾಗ ‘ಬರ್ಲಿ, ಬರ್ಲಿ’ ಎನ್ನುವುದೂ ಗಲ್ಲುಶಿಕ್ಷೆ ಓದಿ ಹೇಳಿದ ಹಾಗೆ. ಬೇರೆಲ್ಲ ಕಡೆ ವಾರಕ್ಕೇ ಡಬ್ಬಿ ಸೇರಿದ ಸಿನಿಮಾ. ನಮ್ಮ ಟಾಕೀಸಿನಲ್ಲಿ ಮಾತ್ರ ವರ್ಷವರ್ಷ ಹಾಕಿದರೂ ಜನವೇ ಜನ. ನಾವು ಅದರ ಹೆಸರು ಹೇಳುವುದೇ ಇಲ್ಲ, ‘ಲಾರಿ ಪಿಕ್ಚರ್’ ಅಂದರೆ ಸಾಕು.

ಜನ ಬರುತ್ತಿದ್ದದ್ದು ಸೇತುವೆಗಾಗಿ. ಸೇತುವೆ ಕುಸಿದು ಜಡ್ಜಪ್ಪ ಸಾಯುತ್ತಾನೆ. ಮುಂದಿನ ಸೀನಿನಲ್ಲಿ ಏನೂ ಆಗದವನ ಹಾಗೆ ಲಾರಿಯಲ್ಲಿ ಮೀಸೆಯ ಪಕ್ಕ ಕೂತಿರುತ್ತಾನೆ. ಗದ್ದಕ್ಕೂ ತಲೆಗೂ ಸೇರಿಸಿ ಬಟ್ಟೆ ಬಿಗಿದಿರುತ್ತದೆ, ಹೆಣಕ್ಕೆ ಕಟ್ಟುವ ಹಾಗೆ. ಇಬ್ಬರೂ ಟೀ ಅಂಗಡಿಗೆ ಹೋಗುತ್ತಾರೆ. ಟೀಯವನು ಒಂದೇ ಲೋಟ ತಂದು ಮೀಸೆಯ ಮುಂದೆ ಇಡುತ್ತಾನೆ. ಯಾಕೆ ಒಂದೇ ಲೋಟ? ಜಡ್ಜಪ್ಪ ಅವನಿಗೆ ಕಾಣುವುದಿಲ್ಲ, ಅದಕ್ಕೆ. ಸತ್ತವರು ಎಲ್ಲಿಗೂ ಹೋಗಿರುವುದಿಲ್ಲ, ತಾವು ಕೂರುತ್ತಿದ್ದ ಜಾಗದಲ್ಲೇ ಕೂತಿರುತ್ತಾರೆ, ಬೇಕಾದವರಿಗೆ ಮಾತ್ರ ಕಾಣುತ್ತಾರೆ. ಇದನ್ನು ಕಂಡುಹಿಡಿದವಳು ನಾನು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಆಮೇಲೆ ಒಂದು ವರ್ಷ ಹೋಗಿ ಮತ್ತೆ ಬಿಟ್ಟವಳು. ನನ್ನ ತಲೆಯಿಂದ ಹೊರಟ ಒಂದೇ ಒಂದು ದೊಡ್ಡ ಮಾತು ಅದು. ಲಾರಿ ಪಿಕ್ಚರ್ ಅಂದರೆ ಲೋಟದ ವಿಷಯ ಬರುತ್ತದೆ, ಲೋಟದ ವಿಷಯ ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ.

ಇವತ್ತೂ ತಿರುಗಿದರು. ನಾನು ಹೇಳಿದೆ. ಹೇಳಿ ಮುಗಿಸುವವರೆಗೂ ಫೋನು ಹಿಡಿದು ಸುಮ್ಮನಿದ್ದ ರಿಪೇರಿಯವನು ಆಮೇಲೆ ಬಾಯಿ ಬಿಟ್ಟ.

“ಅಕ್ಕ, ಬೇಜಾರ್ ಮಾಡ್ಕೋಬೇಡಿ. ಅದರ ಹೊಸಾ ಕಾಪಿ ಬಂದಿದೆ, ಚೆನ್ನಾಗಿ ತೊಳೆದು ಬಿಟ್ಟಿದಾರೆ. ನಿನ್ನೆ ಪೂರ್ತಿ ನೋಡ್ದೆ. ಟೀ ಅಂಗಡಿ ಮೊದ್ಲು, ಸೇತುವೆ ಆಮೇಲೆ.”

“ಹಾಗಂದ್ರೆ?”

“ಅವನಿಗೆ ಹಲ್ಲುನೋವು ಅಕ್ಕ. ಅದಕ್ಕೇ ಬಟ್ಟೆ ಕಟ್ಟಿರೋದು, ಅದಕ್ಕೇ ಬಿಸಿ ಟೀ ಬೇಡ. ನಮ್ಮ ಟಾಕೀಸಲ್ಲಿ ಎರಡು ರೀಲು ಹಿಂದುಮುಂದು ಹಾಕಿದಾರೆ. ಒಂದಿನ ಅಲ್ಲ, ಟಾಕೀಸು ಮುಚ್ಚೋವರೆಗೂ.”

ಕ್ಷೌರದವನು ನಕ್ಕುಬಿಟ್ಟ. ನರ್ಸಮ್ಮ ನಗು ತಡೆದುಕೊಂಡಳು. ಅದು ಇನ್ನೂ ಕೆಟ್ಟದ್ದು.

ಟಾಕೀಸಿನಲ್ಲಿ ರೀಲು ಓಡಿಸುತ್ತಿದ್ದವನು ನನ್ನ ಅಣ್ಣ. ಇದು ಅವನ ಮಾನದ ಪ್ರಶ್ನೆ. ನನ್ನದೇನು, ನನ್ನದು ಬಿಡು.

ಮಾರ್ಚ್ 4, ಸೋಮವಾರ

ನಿದ್ದೆ ಇಲ್ಲ. ಅಣ್ಣನ ಕಿವಿಗೆ ಬಿದ್ದರೆ ಏನು ಗತಿ. ಟಾಕೀಸು ಮುಚ್ಚಿದಾಗಿನಿಂದ ಟೈರ್ ಗೋದಾಮಿನ ಗೇಟು ಕಾಯುತ್ತಾನೆ, ಸಂಜೆ ಬಂದು ಉಂಡು ಮಲಗುತ್ತಾನೆ. ಮಾತು ಮುತ್ತು, ಉದುರಿಸುವುದಿಲ್ಲ. ‘ನಾನಿದ್ದಷ್ಟು ದಿನ ರೀಲು ನಿಂತು ಪರದೆ ಒಂದ್ಸಲಾನೂ ಬೆಳ್ಳಗಾಗಿಲ್ಲ’ ಎನ್ನುವುದೊಂದೇ ಅವನ ಜಂಬ. ಅದನ್ನೂ ಕಿತ್ತುಕೊಂಡರೆ ಊಟ ಬಿಡುತ್ತಾನೆ. ಊಟ ಬಿಟ್ಟರೆ ತಲೆ ಸುತ್ತುತ್ತದೆ. ಗೇಟಿನ ಮುಂದೆ ತಲೆ ಸುತ್ತಿ ಬಿದ್ದರೆ, ಅಲ್ಲಿ ಲಾರಿಗಳು ಹಿಂದಕ್ಕೆ ಬರುತ್ತಿರುತ್ತವೆ. ಇದನ್ನೇ ಯೋಚಿಸುತ್ತ ಅರ್ಧ ದಾರಿ ಹೋದವಳು ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬಂದೆ. ಆರಿಸಿದ್ದೆ. ಮತ್ತೆ ಹೊರಟು, ಬೀಗ ಹಾಕಿದೆನೋ ಎಂದು ಮತ್ತೆ ಬಂದೆ.

ರಿಪೇರಿಯವನು ನೆಟ್ಟಿಗೆ ಏನಾದರೂ ಹಾಕಿದರೆ ಕಾಣದಿರಲಿ ಎಂದು ಅಣ್ಣನ ಫೋನಿನ ಚಾರ್ಜರು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೇನೆ. ಸಂಜೆ ಕೇಳಿದ.

“ಚಾರ್ಜರ್ ಎಲ್ಲೇ?”

“ನಂಗೇನ್ ಗೊತ್ತು. ನಿನ್ನ ಸಾಮಾನು ಕಾಯೋಕೆ ನಾನೇನು ಗೋದಾಮಿನ ಗೇಟಾ?”

ಫೋನು ಮಗುಚಿಟ್ಟು ಮಲಗಿದ. ಅವನು ಎದುರಾಡದೆ ಹೋಗುವುದು ನೋಡಿದರೆ ಇನ್ನೂ ಸಿಟ್ಟು ಬರುತ್ತದೆ.

ಮಾರ್ಚ್ 7, ಗುರುವಾರ

ಹಾಕಿಬಿಟ್ಟಿದ್ದಾನೆ. ನೆಟ್ಟಿಗೆ. ಭಾನುವಾರ ಫೋನು ಹಿಡಿದುಕೊಂಡಿದ್ದು ಅದಕ್ಕೇ. ಮೊದಲು ನನ್ನ ಧ್ವನಿ, ಸತ್ತವರು ಎಲ್ಲಿಗೂ ಹೋಗಿರುವುದಿಲ್ಲ ಎಂದು. ಅದರ ಮೇಲೆ ಹೊಸ ಕಾಪಿಯ ಚಿತ್ರ, ಜಡ್ಜಪ್ಪ ಏನೋ ಕಡಿದು ಕೆನ್ನೆ ಒತ್ತಿಕೊಂಡು ಅಯ್ಯೋ ಎನ್ನುವುದು. ಕೆಳಗೆ ಯಾರ್ಯಾರೋ ಬರೆದಿದ್ದಾರೆ. ‘ಹಲ್ಲುನೋವಿನ ದೆವ್ವ’ ಅಂತೆ. ‘ಈಯಮ್ಮನಿಗೆ ಡೆಂಟಿಸ್ಟ್ ತೋರ್ಸಿ’ ಅಂತೆ. ‘ಆಪರೇಟರು ಕುಡಿದಿದ್ದ’ ಅಂತೆ. ಅಣ್ಣ ಟೀ ಕುಡಿದರೂ ಅರ್ಧ ಲೋಟ ಕುಡಿಯುವವನು.

ರವಿಕೆ ಅಳತೆ ಕೊಡಲು ಬಂದಿದ್ದ ಎರಡು ಹುಡುಗಿಯರು ನನ್ನ ಮುಖ ನೋಡಿ ಕೆನ್ನೆ ಮುಟ್ಟಿಕೊಂಡು ಕಿಸಿಕಿಸಿ ನಕ್ಕರು. ಇಬ್ಬರ ಅಳತೆಯೂ ತಪ್ಪು ಬರೆದುಕೊಂಡಿರಬೇಕು.

ರಿಪೇರಿಯವನ ಪ್ಯಾಂಟು ಒಂದು ನನ್ನಲ್ಲಿತ್ತು, ಉದ್ದ ಕಡಿಮೆ ಮಾಡಲು ಕೊಟ್ಟಿದ್ದ. ಉದ್ದ ಕಡಿಮೆ ಮಾಡಿದೆ. ಎರಡೂ ಜೇಬಿನ ಬಾಯಿ ಡಬಲ್ ಹೊಲಿಗೆ ಹಾಕಿ ಮುಚ್ಚಿ, ಇಸ್ತ್ರಿ ಮಾಡಿ ಕಳಿಸಿದೆ.

ಮಾರ್ಚ್ 8, ಶುಕ್ರವಾರ

ಜೇಬಿನ ವಿಷಯಕ್ಕೆ ಅವನು ಜಗಳಕ್ಕೆ ಬರಲಿಲ್ಲ. ಬರಲಿ ಎಂದು ಕಾದಿದ್ದೆ.

ಮಾರ್ಚ್ 10, ಭಾನುವಾರ

ಬಂದ. ಅದೇ ಪ್ಯಾಂಟು ಹಾಕಿಕೊಂಡು, ಫೋನು ಕೈಯಲ್ಲಿ ಹಿಡಿದುಕೊಂಡು ಬಂದ.

“ಅಕ್ಕ, ವಿಡಿಯೋ ಸಿಕ್ಕಾಪಟ್ಟೆ ಓಡ್ತಿದೆ. ಇಪ್ಪತ್ನಾಲ್ಕಕ್ಕೆ ಸಮುದಾಯ ಭವನ ತಗೊಂಡಿದೀನಿ. ಲಾರಿ ಪಿಕ್ಚರ್, ಸರಿಯಾದ ಕಾಪಿ, ದೊಡ್ಡ ಪರದೆ. ಆಮೇಲೆ ನಿಮ್ಮಣ್ಣನ್ನ ಸ್ಟೇಜಿಗೆ ಕರೆದು ಒಂದೆರಡು ಮಾತು.”

“ಏನು ಮಾತು? ಕುಡಿದಿದ್ನಾ ಇಲ್ವಾ ಅಂತಾನಾ?”

“ಅಯ್ಯೋ, ತಮಾಷೆಗೆ ಅಕ್ಕ. ಜನಕ್ಕೆ ಆ ತಪ್ಪು ಅಂದ್ರೆ ಇಷ್ಟ.”

“ನಿಮ್ಮಮ್ಮನ ತಪ್ಪು ಯಾವ್ದಾದ್ರೂ ಇದ್ರೆ ಅದನ್ನ ತೋರ್ಸು, ಅದೂ ಇಷ್ಟ ಆಗುತ್ತೆ ಜನಕ್ಕೆ.”

ಇಂಥ ಮಾತು ನನ್ನ ಬಾಯಲ್ಲಿ ಬಂದದ್ದು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕ್ಷೌರದವನು ಮೆಲ್ಲಗೆ, “ಅಕ್ಕ, ಅವನೇನೋ ಹುಡುಗುಬುದ್ಧಿ” ಎಂದು ಬಾಯಿ ಹಾಕಿದ.

“ನೀನು ಸುಮ್ನಿರು. ಅವತ್ತು ಮೊದ್ಲು ನಕ್ಕಿದ್ದು ನೀನು. ವರ್ಷಗಟ್ಲೆ ಲೋಟ ಲೋಟ ಅಂತ ಗಿರಾಕಿಗಳ ಗಡ್ಡಕ್ಕೆ ಸೋಪು ಹಚ್ತಾ ಹೇಳಿದೋನೂ ನೀನೇ. ನಿಂದೇ ಬುದ್ಧಿ ಅನ್ನೋ ಹಾಗೆ ಹೇಳ್ತಿದ್ದೆ.”

ಮೂವರನ್ನೂ ಎಬ್ಬಿಸಿ ಕಳಿಸಿದೆ. ನರ್ಸಮ್ಮ ಏನೂ ಮಾಡಿರಲಿಲ್ಲ, ಪಾಪ, ಅವಳನ್ನೂ ಕಳಿಸಿದೆ. ಸ್ಟೂಲು ಒಳಗಿಟ್ಟು ಶಟರ್ ಎಳೆದೆ. ಆಮೇಲೆ ಭಯವಾಯಿತು. ನಾಳೆಯಿಂದ ಯಾರೂ ಬರದಿದ್ದರೆ ಭಾನುವಾರಗಳನ್ನು ಏನು ಮಾಡುವುದು.

ಅಣ್ಣನಿಗೆ ಮಾತ್ರ ತಿಳಿಯಬಾರದು. ಭವನಕ್ಕೆ ಹೋಗದ ಹಾಗೆ ಇಪ್ಪತ್ನಾಲ್ಕಕ್ಕೆ ಅವನನ್ನು ಎಲ್ಲಿಗಾದರೂ ಕಳಿಸಬೇಕು. ಎಲ್ಲಿಗೆ ಕಳಿಸುವುದು, ನಮಗೆ ಯಾರಿದ್ದಾರೆ.

ಮಾರ್ಚ್ 15, ಶುಕ್ರವಾರ

ಮನೆಗೆ ಬಂದರೆ ಅಣ್ಣ ಬಿಳೀ ಅಂಗಿಗೆ ಇಸ್ತ್ರಿ ತಿಕ್ಕುತ್ತಿದ್ದ.

“ಇಪ್ಪತ್ನಾಲ್ಕಕ್ಕೆ ಹಾಕ್ಕೊಳಕ್ಕೆ. ಆ ರಿಪೇರಿ ಹುಡುಗ ಗೋದಾಮಿಗೆ ಬಂದಿದ್ದ, ಕರೆದು ಹೋದ.”

ವಿಡಿಯೋ ನೋಡಿದೆಯಾ ಎಂದು ಕೇಳಿದೆ. ನೋಡಿದ್ದಾನಂತೆ. ಹಾಕಿದ ಮಾರನೇ ದಿನವೇ ಲಾರಿ ಡ್ರೈವರುಗಳು ತೋರಿಸಿದರಂತೆ.

“ಚೆನ್ನಾಗಿದೆ. ನಿನ್ನ ಧ್ವನಿ ಸ್ವಲ್ಪ ಕೀರಲು ಬಂದಿದೆ.”

“ನಿಂಗೆ ಬೇಜಾರಾಗ್ಲಿಲ್ವಾ?”

“ಯಾಕೆ? ನಿಜಾನೇ ತಾನೆ.”

ಆಮೇಲೆ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು, ಬೇರೆ ಯಾರದೋ ಕಥೆ ಹೇಳುವ ಹಾಗೆ ಹೇಳಿದ. “ನಂಬರ್ ಬರೆದಿರೋ ರೀಲಿನ ಡಬ್ಬಿ ಮುಚ್ಚಳ ಅದಲುಬದಲಾಗಿ ಬಂದಿತ್ತು. ಮೊದಲ್ನೇ ಆಟದಲ್ಲೇ ಗೊತ್ತಾಯ್ತು. ಸೇತುವೆ ಬಿತ್ತು, ನೋಡಿದ್ರೆ ಸತ್ತೋನು ಲಾರೀಲಿ ಕೂತಿದಾನೆ. ನಿಲ್ಸಿದ್ರೆ ಪರದೆ ಬೆಳ್ಳಗಾಗುತ್ತೆ, ಹಾಗೇ ಓಡೋಕೆ ಬಿಟ್ಟೆ. ಕೆಳಗೆ ಪಿಟ್ಟನೆ ಸದ್ದಿಲ್ಲ. ಆಮೇಲೆ ಒಬ್ಬ ಸೀಟಿ ಹೊಡೆದ ನೋಡು, ಇಡೀ ಟಾಕೀಸೇ ಎದ್ದು ನಿಂತ್ಕೊಂಡ್ತು. ಓನರ್ರು ಮೇಲಕ್ಕೆ ಓಡಿ ಬಂದ್ರು. ಕೆಲ್ಸ ಹೋಯ್ತು ಅಂದ್ಕೊಂಡೆ. ‘ಮುಂದಿನ ಆಟಕ್ಕೂ ಹೀಗೇ ಹಾಕು’ ಅಂದ್ರು.”

ಅವನ ಮಾನ ಕಾಯಲು ನಾನು ಹನ್ನೆರಡು ದಿನದಿಂದ ಸಾಯುತ್ತಿದ್ದೆ. ಅವನು ನಗುತ್ತಿದ್ದ. ಆಗ ತಲೆಗೆ ಹೊಳೆಯಿತು.

“ಹಾಗಾದ್ರೆ ನಾನು ಲೋಟದ ವಿಷಯ ಹೇಳ್ತಿದ್ದಾಗೆಲ್ಲ ನಿಂಗೆ ಗೊತ್ತಿತ್ತು.”

“ಗೊತ್ತಿತ್ತು.”

“ನೂರು ಜನದ ಮುಂದೆ ಹೇಳ್ತಿದ್ದಾಗ್ಲೂ.”

“ಹ್ಞೂಂ.”

“ಪಕ್ಕದಲ್ಲಿ ಕೂತ್ಕೊಂಡು ತಲೆ ಬೇರೆ ಆಡಿಸ್ತಿದ್ದೆ.”

ಅವನು ಅಂಗಿ ಮಡಚಿದ, ಬಿಡಿಸಿದ, ಮತ್ತೆ ಮಡಚಿದ. “ಅಮ್ಮ ಹೋದ್ಮೇಲೆ ನೀನು ತಿಂಗಳುಗಟ್ಲೆ ಬಾಯಿ ಬಿಟ್ಟಿರ್ಲಿಲ್ಲ. ಸ್ಕೂಲು ಬಿಟ್ಟೆ, ಮಾತು ಬಿಟ್ಟೆ. ಆ ಪಿಕ್ಚರ್ ನೋಡ್ಕೊಂಡು ಬಂದು ಒಂದೇ ಸಮನೆ ಮಾತಾಡ್ದೆ. ಲೋಟ, ಬಟ್ಟೆ, ಸತ್ತೋರು ಕೂತಿರೋದು. ನಾನೇನಂತ ಹೇಳ್ಲಿ? ಹಲ್ಲುನೋವು ಅಂತ್ಲಾ?”

“ಅವತ್ತು ಬೇಡ. ಆಮೇಲೆ? ನನ್ನ ತಲೆಕೂದ್ಲು ನೆರೀತು ಅಣ್ಣ.”

“ಆಮೇಲೆ ಆಮೇಲೆ ನಂಗೂ ಹಾಗೇ ಅನ್ನಿಸೋಕೆ ಶುರುವಾಯ್ತು.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನನ್ನನ್ನು ಇಷ್ಟು ವರ್ಷ ಕಂಕುಳಲ್ಲಿ ಕೂರಿಸಿಕೊಂಡ ಮಗುವಿನ ಹಾಗೆ ಇಟ್ಟಿದ್ದಾನೆ. ಒಂದು ಮಾತು ಹೇಳಿದರೆ ಸತ್ತೇ ಹೋಗುತ್ತಾಳೆ ಎಂದುಕೊಂಡಿದ್ದಾನೆ. ಯಾರು ಇವನಿಗೆ ಆ ಅಧಿಕಾರ ಕೊಟ್ಟವರು. ರಿಪೇರಿಯವನು ವಾಸಿ, ಮುಖಕ್ಕೆ ಹೇಳಿದ.

ಮಾರ್ಚ್ 17, ಭಾನುವಾರ

ಅಣ್ಣನ ಜೊತೆ ಮಾತಿಲ್ಲ. ತಟ್ಟೆಯನ್ನು ಟಣ್ ಎನ್ನುವ ಹಾಗೆ ಇಡುತ್ತೇನೆ. ಚಾರ್ಜರನ್ನೂ ತಟ್ಟೆಯ ಪಕ್ಕ ಇಟ್ಟೆ. ಹಿಟ್ಟು ಒರೆಸಲಿಲ್ಲ. ಅವನು ಒರೆಸಿಕೊಂಡ, ಎಲ್ಲಿತ್ತು ಎಂದು ಕೇಳಲಿಲ್ಲ.

ಮಧ್ಯಾಹ್ನ ಕ್ಷೌರದವನೂ ನರ್ಸಮ್ಮನೂ ಬಂದರು. ಕ್ಷೌರದವನು ಬಾಗಿಲಾಚೆಯೇ ನಿಂತು, “ಒಳಗೆ ಬರಬಹುದೋ, ಇಲ್ಲೇ ಬೈತೀರೋ?” ಎಂದ. ಒಳಗೆ ಬಂದ ಮೇಲೆ ಬೈದೆ. ಮೀಸೆ ದೊಡ್ಡ ನಟನೋ ಅಲ್ಲವೋ ಎಂಬ ಮಾತಿಗೆ ನರ್ಸಮ್ಮನ ಮೇಲೂ ರೇಗಿದೆ. ಮೊದಲೆಲ್ಲ ನಾನು ಲೋಟದ ಮಾತು ಬಂದಾಗ ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ ಎಂದು ಅವಳು ಹೇಳಿದಳು. ಇರಬಹುದು. ಕೆಲಸ ಇರುತ್ತದೆ ನನಗೆ.

ಮಾರ್ಚ್ 20, ಬುಧವಾರ

ಬೆಳಿಗ್ಗೆ ಅಂಗಡಿ ತೆಗೆದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ನೆನಪಾಯಿತು. ಅಣ್ಣನ ಮೇಲಿನ ಸಿಟ್ಟಿನಲ್ಲಿದ್ದೆ, ಹೋಗಿ ನೋಡಲಿಲ್ಲ.

ಮಾರ್ಚ್ 24, ಭಾನುವಾರ

ಹೋದೆ. ಅಣ್ಣನಿಗಾಗಿ ಅಲ್ಲ. ನನ್ನ ಬೆನ್ನ ಹಿಂದೆ ಏನು ನಗುತ್ತಾರೋ ಅದನ್ನು ಎದುರಿಗೇ ನಗಲಿ ಎಂದು ಹೋದೆ.

ಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೆ ಕೂತಿದ್ದರು. ಅಣ್ಣ ಬಿಳೀ ಅಂಗಿಯಲ್ಲಿ ಮುಂದಿನ ಸಾಲಿನಲ್ಲಿದ್ದ. ನಾನು ಹಿಂದೆ, ಕ್ಷೌರದವನಿಗೂ ನರ್ಸಮ್ಮನಿಗೂ ನಡುವೆ.

ಸರಿಯಾದ ಕಾಪಿ ಹಾಕಿದರು. ಜಡ್ಜಪ್ಪ ಕೆನ್ನೆ ಒತ್ತಿಕೊಂಡಾಗ ಭವನವೆಲ್ಲ ನಕ್ಕಿತು. ಯಾರೋ ‘ದೆವ್ವ’ ಎಂದು ಕೂಗಿದರು. ಟೀ ಅಂಗಡಿ ಬಂತು, ಹೋಯಿತು. ಸೇತುವೆ ಬಿತ್ತು. ಆಮೇಲೆ ಮೀಸೆ ಒಬ್ಬನೇ ಲಾರಿ ಓಡಿಸಿಕೊಂಡು ಹೋಗುತ್ತಾನೆ. ಪಕ್ಕದ ಸೀಟು ಖಾಲಿ. ಸೀಟಿ ಇಲ್ಲ, ಕೂಗಿಲ್ಲ. ಜನ ಕುರ್ಚಿ ಸರಿಸುವ ಸದ್ದು, ಕೆಮ್ಮು. ಸಪ್ಪೆ ಸಿನಿಮಾ. ವಾರಕ್ಕೇ ಡಬ್ಬಿ ಸೇರಿದ್ದರಲ್ಲಿ ಏನೂ ಆಶ್ಚರ್ಯವಿಲ್ಲ.

ಮುಗಿದ ಮೇಲೆ ಅಣ್ಣ ಸ್ಟೇಜಿಗೆ ಹೋಗಿ ಮುಚ್ಚಳದ ಕಥೆ ಹೇಳಿದ. ಚಪ್ಪಾಳೆಯೋ ಚಪ್ಪಾಳೆ. ಇಷ್ಟು ಮಾತು ಅವನಿಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ, ಮನೆಯಲ್ಲಿ ಉಪ್ಪು ಬೇಕಾದರೂ ಕೈ ತೋರಿಸುತ್ತಾನೆ. ಆಮೇಲೆ ರಿಪೇರಿಯವನು ಮೈಕು ತೆಗೆದುಕೊಂಡು, “ಆ ಲೋಟದ ಕಥೆ ಕಟ್ಟಿದ ಅಕ್ಕನೂ ಇಲ್ಲೇ ಇದಾರೆ” ಎಂದ. ತಲೆಗಳೆಲ್ಲ ತಿರುಗಿದವು. ಕೆಲವರು ಆಗಲೇ ಕೆನ್ನೆಗೆ ಕೈ ಇಟ್ಟುಕೊಂಡಿದ್ದರು.

ಎದ್ದು ನಿಂತೆ. “ನಗೋದಾದ್ರೆ ಪೂರ್ತಿ ನೋಡಿ ನಗಿ. ನಮ್ಮ ಟಾಕೀಸಲ್ಲಿ ಹೇಗೆ ಬರ್ತಿತ್ತೋ ಹಾಗೇ ಹಾಕು. ಸೇತುವೆ ಮೊದ್ಲು.”

ಅವನು ಕಂಪ್ಯೂಟರಿನಲ್ಲಿ ಏನೋ ಒತ್ತಿದ. ಸೇತುವೆ ಬಿತ್ತು. ಜಡ್ಜಪ್ಪ ಮುಳುಗಿದ. ಮರುಕ್ಷಣ ಲಾರಿಯಲ್ಲಿ ಕೂತಿದ್ದ. ಕ್ಷೌರದವನು ಎರಡು ಬೆರಳು ಬಾಯಿಗಿಟ್ಟು ಹೊಡೆದ ಸೀಟಿಗೆ ನನ್ನ ಕಿವಿ ಇನ್ನೂ ಗುಂಯ್ ಎನ್ನುತ್ತಿದೆ. ಹಳಬರೆಲ್ಲ ಎದ್ದು ಕೂಗಿದರು. ನಗುತ್ತಿದ್ದವರು ಅವರ ಮುಖ ನೋಡಿ ಕೆನ್ನೆಯಿಂದ ಕೈ ತೆಗೆದರು. ಲೋಟ ಬಂತು, ಒಂದೇ ಲೋಟ. ಗೆದ್ದೆ ಎಂದುಕೊಂಡೆ.

ಆಗಲೇ ಕಂಡದ್ದು. ನಮ್ಮ ಹಳೇ ಪ್ರಿಂಟಿನಲ್ಲಿ ಟೀಯವನು ನಿಂತ ಮೂಲೆ ಮಸಿಯ ಹಾಗೆ ಕಪ್ಪಗಿರುತ್ತಿತ್ತು. ಈಗ ತೊಳೆದ ಕಾಪಿಯಲ್ಲಿ ಅವನ ಮುಖ ಕಾಣುತ್ತದೆ. ಲೋಟ ಇಟ್ಟು, ಜಡ್ಜಪ್ಪನ ಕಡೆ ನೋಡಿ, ಹುಬ್ಬು ಹಾರಿಸುತ್ತಾನೆ. ನಿನಗೆ ಬೇಡವಾ ಎನ್ನುವ ಹಾಗೆ.

“ನಿಲ್ಸು” ಎಂದೆ. “ಹಿಂದಕ್ಕೆ ಹಾಕು. ನೋಡ್ತಿದಾನೆ. ಟೀಯವನು ಅವನನ್ನೇ ನೋಡ್ತಿದಾನೆ.”

“ಎಲ್ಲಿ ಅಕ್ಕ?” ಕ್ಷೌರದವನು ಕೂತಲ್ಲಿಂದಲೇ ಕೂಗಿದ. “ಜಡ್ಜಪ್ಪನ ಹಿಂದಿರೋ ಲಾರಿ ನೋಡ್ತಿದಾನೆ.”

“ಹುಬ್ಬು ಎತ್ತಿದ್ದು ಒಲೆ ಹೊಗೆಗೆ” ಎಂದಳು ನರ್ಸಮ್ಮ.

“ಹೊಗೆಗೆ ಕಣ್ಣು ಮುಚ್ತಾರೆ, ಹುಬ್ಬು ಎತ್ತಲ್ಲ. ನರ್ಸು ಬೇರೆ ನೀವು.”

ಸ್ಟೇಜಿನ ಮೇಲಿಂದ ಅಣ್ಣ ಮೈಕಿನಲ್ಲಿ ಮೆಲ್ಲಗೆ ಹೇಳಿದ, ಇಡೀ ಭವನಕ್ಕೆ ಕೇಳಿಸಿತು. “ನೋಡಿಲ್ಲ ಕಣೇ. ಅವನಿಗೆ ಕಾಣಲ್ಲ.”

“ನೀನು ಸುಮ್ನಿರು. ಎರಡು ರೀಲು ನೆಟ್ಟಗೆ ಹಾಕೋಕೆ ಬರ್ದೇ ಇದ್ದೋನು.”

ಭವನ ಬಿದ್ದು ಬಿದ್ದು ನಕ್ಕಿತು. ಯಾರ ಮೇಲೆ ನಕ್ಕರೋ ಯೋಚಿಸಲು ನನಗೆ ಪುರುಸೊತ್ತಿರಲಿಲ್ಲ. ಮತ್ತೆ ಹಾಕಿಸಿದೆ, ಮತ್ತೆ ನೋಡಿದೆವು. ಜನ ಎರಡು ಪಂಗಡವಾದರು. ನನ್ನ ಲೋಟದ ಮಾತಿನ ಪರವಾಗಿ ಊರೆಲ್ಲ, ವಿರುದ್ಧ ನಾನು, ರಿಪೇರಿಯವನು ಮತ್ತು ಕಿಟಕಿಯ ಮೇಲಿನ ನಾಲ್ಕು ಜನ. ಭವನದ ಕಾವಲಿನವನು ಬೀಗದಕೈ ಗೊಂಚಲು ಅಲ್ಲಾಡಿಸುತ್ತ ನಿಂತಿದ್ದ.

“ಅಕ್ಕ, ಇದನ್ನೂ ವಿಡಿಯೋ ಹಾಕ್ಲಾ?” ಎಂದು ರಿಪೇರಿಯವನು ಈ ಸಲ ಕೇಳಿದ.

“ಹಾಕು. ಟೀಯವನ ಕಣ್ಣು ದೊಡ್ಡದು ಮಾಡಿ ಹಾಕು. ಇಲ್ದಿದ್ರೆ ಅಂಗಿ ತೋಳೂ ಮುಚ್ಚಿ ಹೊಲೀತೀನಿ.”

ಮಾರ್ಚ್ 25, ಸೋಮವಾರ

ಬೆಳಿಗ್ಗೆ ತಿಂಡಿಗೆ ಕೂತ ಅಣ್ಣ, ಏನೂ ಕೇಳದೆಯೇ, “ನೋಡಿಲ್ಲ” ಎಂದ.

“ಅಣ್ಣ, ಅವನಿಗೆ ಹಲ್ಲು ನೋಯ್ತಿತ್ತು. ಟೀ ಬೇಡ ಅಂದ. ಆಮೇಲೆ ಸೇತುವೆ ಬಿತ್ತು, ಸತ್ತ. ಅಷ್ಟೇ.”

“ಅಷ್ಟೇನಾ?”

“ಅಷ್ಟೇ.”

ಅವನು ತಟ್ಟೆ ನೋಡುತ್ತ ಕೂತ. ನೆಲದ ಮೇಲೆ. ಮಂಡಿ ಹಿಡಿದುಕೊಂಡು ಏಳುವುದು ಕೂರುವುದು ಮಾಡುತ್ತಾನೆ, ಆದರೂ ನೆಲವೇ ಬೇಕು. ಗೋಡೆಯ ಪಕ್ಕದಲ್ಲಿ ಕುರ್ಚಿ ಇದೆ, ಅಮ್ಮನದು. ಅದರ ಮೇಲೆ ನಾವಿಬ್ಬರೂ ಒಗೆದ ಬಟ್ಟೆ ಕೂಡ ಇಟ್ಟವರಲ್ಲ. ಯಾಕೆ ಎಂದು ಅವನನ್ನು ನಾನು ಕೇಳಿರಲಿಲ್ಲ, ಅವನೂ ನನ್ನನ್ನು ಕೇಳಿರಲಿಲ್ಲ.

“ಕುರ್ಚಿ ಮೇಲೆ ಕೂತ್ಕೋ. ನೆಲ ತಣ್ಣಗಿದೆ, ಮಂಡಿ ಹಿಡಿಯುತ್ತೆ.”

ಅಣ್ಣ ಕುರ್ಚಿಯ ಕಡೆ ನೋಡಿದ, ನನ್ನ ಕಡೆ ನೋಡಿದ. “ಅಲ್ಲ, ಅದು...”

“ಯಾರೂ ಇಲ್ಲ ಅಣ್ಣ. ಕೂತ್ಕೋ.”

ಕೂರಲಿಲ್ಲ. ಎಂಥ ಹಟಮಾರಿ. ಐವತ್ತು ದಾಟಿದವನಿಗೆ ಎಷ್ಟು ಸಲ ಹೇಳುವುದು. ನನಗೆ ಅಂಗಡಿಗೆ ಹೊತ್ತಾಗಿತ್ತು. ಕುರ್ಚಿಯನ್ನು ಎಳೆದುಕೊಂಡು ಅವನ ಎದುರಿಗೆ ಹಾಕಿ ನಾನೇ ಕೂತೆ. ಅಣ್ಣ ಅರ್ಧ ಎದ್ದ. ಯಾರದೋ ಮಡಿಲಲ್ಲಿ ಕೂತವಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಲೇ ಇದ್ದ.

“ಏನ್ ನೋಡ್ತೀಯ, ತಿಂಡಿ ಆರ್ತಿದೆ ತಿನ್ನು” ಎಂದು ರೇಗಿದೆ.